ಜಾಲಿ ಮರದ ಕೆಳಗೆ ಕ್ಯಾಟರ್‌ಬಿಲ್ಲು

ಒಂದು ಗ್ರಾಂ ತೂಕವೂ ಇಲ್ಲದ ಒಂದು ಜಿಗ್, ಅಂದರೆ ಮೀನು ಹಿಡಿಯೋ ಸೀಸದ ತಲೆಯ ಪುಟ್ಟ ಗಾಳ. ಅದನ್ನು ನೀರಿನಿಂದ ಒಂದೇ ಗೇಣು ಮೇಲಿರುವ ಕೊಂಬೆಗಳ ಕೆಳಗೆ ಹದಿನೈದಿಪ್ಪತ್ತು ಅಡಿ ಒಳಕ್ಕೆ ಕಳಿಸಬೇಕು. ಇದಕ್ಕೆ ಎಂಥ ರಾಡು ಬೇಕು? ಉತ್ತರ ಸಿಗುವ ಹೊತ್ತಿಗೆ ನಾನು ಮೂರು ರಾಡು ಕೊಂಡಿದ್ದೆ. ಮೊದಲನೆಯದರಲ್ಲಿ ಈಗ ಮನೆಯ ಮೂಲೆಗಳ ಜೇಡರ ಬಲೆ ತೆಗೆಯುತ್ತೇವೆ. ಎರಡನೆಯದನ್ನು ಅಣ್ಣನ ಮಗನಿಗೆ ಕೊಟ್ಟೆ, ಅವನು ಅದರಲ್ಲಿ ಏನು ಹಿಡಿದ ಅಂತ ಕೇಳೋಕೆ ಧೈರ್ಯ ಇಲ್ಲ. ಮೂರನೆಯದು ಸರಿಹೋಯಿತು. ಆ ಎರಡು ತಪ್ಪುಗಳ ದುಡ್ಡಿಗೆ ಮನೆಗೊಂದು ಒಳ್ಳೆ ಮಿಕ್ಸಿ ಬರುತ್ತಿತ್ತು ಎಂದು ಮನೆಯಲ್ಲಿ ಆಗಾಗ ಕೇಳುತ್ತಿರುತ್ತೇನೆ, ಹಾಗಾಗಿ ನಿಮ್ಮ ಮಿಕ್ಸಿಯಾದರೂ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಗಾಳ ಹಾಕೋದು ನನಗೆ ಹೊಸದಲ್ಲ. ನಮ್ಮೂರು ಗುಬ್ಬಿ ತಾಲ್ಲೂಕು. ಚಿಕ್ಕವನಿದ್ದಾಗ ಬಿದಿರು ಗಳಕ್ಕೆ ನೈಲಾನ್ ದಾರ ಕಟ್ಟಿ, ಜೋಳದ ದಂಟಿನ ತುಂಡನ್ನು ಬೆಂಡು ಮಾಡಿ, ಎರೆಹುಳ ಚುಚ್ಚಿ ಕೆರೆ ಏರಿಯ ಕಲ್ಲಿನ ಮೇಲೆ ಕೂತರೆ ಮಧ್ಯಾಹ್ನದ ಊಟದ ನೆನಪೂ ಇರುತ್ತಿರಲಿಲ್ಲ. ಆದರೆ ಅದು ಕೂತು ಕಾಯೋ ಕೆಲಸ. ಮೀನು ಇರುವಲ್ಲಿಗೆ ನಾವೇ ಗಾಳ ನುಗ್ಗಿಸೋದು ಬೇರೆ ವಿದ್ಯೆ ಅಂತ ಗೊತ್ತಾಗಿದ್ದು ಅಮೆರಿಕಕ್ಕೆ ಹೋದಾಗ.

ಅಕ್ಕನ ಮಗ ಅಟ್ಲಾಂಟಾ ಹತ್ತಿರದ ಆಲ್ಫರೆಟ್ಟಾದಲ್ಲಿ ಇದ್ದಾನೆ. ಒಂದು ಬೇಸಿಗೆ ಅಲ್ಲಿಗೆ ಹೋಗಿದ್ದೆ. ಅವನ ಪಕ್ಕದ ಮನೆಯ ಹಿರಿಯರೊಬ್ಬರಿಗೆ ಮೀನಿನ ಹುಚ್ಚು. ಒಂದು ಶನಿವಾರ ನಮ್ಮಿಬ್ಬರನ್ನೂ ಅಲಬಾಮಾ ರಾಜ್ಯದ ವೈಸ್ ಲೇಕ್‌ಗೆ ಕರೆದುಕೊಂಡು ಹೋದರು. ಕೂಸಾ ನದಿಗೆ 1961 ರಲ್ಲಿ ಕಟ್ಟಿದ ಅಣೆಕಟ್ಟಿನ ಹಿನ್ನೀರು ಅದು. ‘ಜಗತ್ತಿನ ಕ್ರಾಪಿ ರಾಜಧಾನಿ’ ಅಂತ ಅಲ್ಲಿಯವರೇ ಹೆಸರಿಟ್ಟುಕೊಂಡಿದ್ದಾರೆ. ಕ್ರಾಪಿ ಅಂದರೆ ಅಂಗೈ ಅಗಲದ, ಚಪ್ಪಟೆ ಮೈಯ, ಬೆಳ್ಳಿ ಬಣ್ಣದ ಮೇಲೆ ಕಪ್ಪು ಚುಕ್ಕಿ ಇರುವ ಮೀನು. ಕಪ್ಪು ಕ್ರಾಪಿ, ಬಿಳಿ ಕ್ರಾಪಿ ಎಂದು ಎರಡು ಜಾತಿ. ಬಾಯಿಯ ಚರ್ಮ ಹಪ್ಪಳದಷ್ಟು ತೆಳು, ಜೋರಾಗಿ ಎಳೆದರೆ ಗಾಳ ಹರಿದುಕೊಂಡು ಬಂದುಬಿಡುತ್ತದೆ. ಕಣ್ಣು ತಲೆಯ ಮೇಲ್ಭಾಗಕ್ಕಿದೆ, ಹಾಗಾಗಿ ತನಗಿಂತ ಮೇಲಿರುವುದನ್ನು ನೋಡಿ ಹೋಗಿ ಹಿಡಿಯುತ್ತದೆ, ಕೆಳಗೆ ಬಿದ್ದದ್ದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ.

ಅಲ್ಲಿ ಕೆರೆ ದಂಡೆಯ ಮನೆಗಳವರೆಲ್ಲ ದೋಣಿ ಕಟ್ಟೋಕೆ ನೀರಿನ ಮೇಲೆ ಹಲಗೆಯ ಜಗಲಿ ಕಟ್ಟಿಕೊಂಡಿರುತ್ತಾರೆ. ಅದೇ ಡಾಕ್. ಅದರ ಕಂಬಕ್ಕೆ ಪಾಚಿ ಹತ್ತುತ್ತದೆ, ಪಾಚಿಗೆ ಸಣ್ಣ ಮರಿಗಳು ಬರುತ್ತವೆ, ಮರಿಗಳಿಗೆ ಕ್ರಾಪಿ ಬರುತ್ತದೆ. ಬಿಸಿಲು ಏರಿದರೆ ಜಗಲಿಯ ಕೆಳಗಿನ ಕತ್ತಲೆಯಲ್ಲಿ ಗುಂಪು ಗುಂಪಾಗಿ ನಿಂತಿರುತ್ತವೆ, ಅದೂ ಅಂಚಿನಲ್ಲಲ್ಲ, ಒಳಗೆ, ಮೂಲೆಯಲ್ಲಿ. ಹಲಗೆಗೂ ನೀರಿಗೂ ಮಧ್ಯೆ ಒಂದಡಿಯೂ ಸಂದಿ ಇರುವುದಿಲ್ಲ. ತಲೆ ಮೇಲಿಂದ ರಾಡು ಬೀಸಿ ಎಸೆದರೆ ಜಿಗ್ ಹಲಗೆ ಮೇಲೆ ಕೂರುತ್ತದೆ, ಮನೆಯವರು ಕಿಟಕಿಯಿಂದ ನೋಡುತ್ತಾರೆ.

ಆ ಹಿರಿಯರು ಮಾಡಿದ್ದು ನೋಡಿ. ರಾಡಿನ ತುದಿಯಿಂದ ದಾರವನ್ನು ಹೆಚ್ಚು ಕಡಿಮೆ ರೀಲಿನವರೆಗೆ ಇಳಿಬಿಟ್ಟರು. ಬಲಗೈಯಲ್ಲಿ ರಾಡು, ತೋರುಬೆರಳಲ್ಲಿ ದಾರ ಒತ್ತಿ ಹಿಡಿದು ರೀಲಿನ ಬೇಲ್, ಅಂದರೆ ದಾರ ತಡೆಯೋ ತಂತಿಯ ಕಮಾನು, ತೆಗೆದರು. ಎಡಗೈಯ ಎರಡು ಬೆರಳಲ್ಲಿ ಜಿಗ್ಗಿನ ಸೀಸದ ತಲೆಯನ್ನು ಹಿಡಿದು ಹಿಂದಕ್ಕೆ ಎಳೆದರು. ರಾಡು ಬಿಲ್ಲಿನ ಹಾಗೆ ಬಗ್ಗಿತು. ತುದಿ ನೀರಿಗೆ ತಾಗುವಷ್ಟು ಕೆಳಗೆ. ಜಿಗ್ ಬಿಟ್ಟರು, ಅದರ ಬೆನ್ನಿಗೇ ದಾರ ಬಿಟ್ಟರು. ಸುಂಯ್ ಅಂತ ಹೋಗಿ, ನೀರಿನ ಮೇಲೆ ಎರಡು ಸಲ ಪುಟಿದು, ಜಗಲಿಯ ಅತ್ತ ತುದಿಯ ಕತ್ತಲಲ್ಲಿ ಮಾಯ.

ನನ್ನ ಬಾಯಿಂದ ಬಂದ ಮೊದಲ ಮಾತು, ‘ಲೋ, ಇದು ಕ್ಯಾಟರ್‌ಬಿಲ್ಲು ಕಣೋ!’

‘ಹೂಂ ಮಾವ, ಅದಕ್ಕೇ ಇವ್ರು ಇದನ್ನ ಎಸೆಯೋದು ಅನ್ನಲ್ಲ, ಶೂಟ್ ಮಾಡೋದು ಅಂತಾರೆ’ ಅಂದ ಅವನು.

ಮಾವಿನಕಾಯಿ ಹೊಡೆದು ಬೆಳೆದವನಿಗೆ ಇದೇನು ಮಹಾ ಅಂದುಕೊಂಡೆ. ಅರ್ಧ ಗಂಟೆಯಲ್ಲಿ ಬಂತು ಅಂತ ಇಟ್ಟುಕೊಳ್ಳಿ. ಸಂಜೆ ಹೊತ್ತಿಗೆ ನನ್ನ ಪಾಲಿಗೆ ಆರು ಕ್ರಾಪಿ. ಆ ಖುಷಿಯಲ್ಲಿ ಒಂದೇ ಒಂದು ಕೆಲಸ ಮರೆತೆ. ಆ ರಾಡು ಎಷ್ಟುದ್ದ, ಅದರ ಮೇಲೆ ಏನು ಬರೆದಿದೆ ಅಂತ ನೋಡಲಿಲ್ಲ. ಅದರ ದಂಡ ಆಮೇಲೆ ಕಟ್ಟಿದೆ.

ತುಮಕೂರಿನಲ್ಲಿ ಕ್ರಾಪಿ ಇಲ್ಲ, ಡಾಕೂ ಇಲ್ಲ. ಆದರೆ ಜಾಲಿ ಇದೆ. ನಮ್ಮ ಕಡೆ ಕೆರೆಗಳು ವರ್ಷಗಟ್ಟಲೆ ಒಣಗಿದ್ದವಲ್ಲ, ಆಗ ಅಂಗಳದ ತುಂಬ ಜಾಲಿ ಎದ್ದಿತು. ಕೆಲವು ಕಡೆ ಸಾಮಾಜಿಕ ಅರಣ್ಯ ಎಂದು ಇಲಾಖೆಯವರೇ ನೆಟ್ಟರು. ಆಮೇಲೆ ಹೇಮಾವತಿ ನೀರು ಬಂದ ಕೆರೆಗಳಿಗೆ ಬಂತು, 2022 ರ ಮಳೆಗೆ ಜಿಲ್ಲೆಯ ಎಷ್ಟೋ ಕೆರೆ ಕೋಡಿ ಬಿದ್ದವು. ಜಾಲಿ ಮರಗಳು ನಡುಮಟ್ಟ ನೀರಲ್ಲಿ ನಿಂತವು. ಕೊಂಬೆಗಳು ನೀರಿಗೆ ತಾಗಿಕೊಂಡು ಚಾಮರದ ಹಾಗೆ ಇಳಿಬಿದ್ದಿವೆ, ಮೇಲೆ ಬೆಳ್ಳಕ್ಕಿಗಳು ಕೂರುತ್ತವೆ, ಕೆಳಗೆ ನೆರಳು, ಹುಳ, ಪಾಚಿ. ಆ ನೆರಳಲ್ಲಿ ಜಿಲೇಬಿ ಮೀನು. ತಿಲಾಪಿಯಾಗೆ ನಮ್ಮ ಕಡೆ ಜಿಲೇಬಿ ಎನ್ನುತ್ತಾರೆ, ಗೊತ್ತಲ್ಲ. 1952 ರಲ್ಲಿ ಮೊದಲ ಸಲ ಭಾರತಕ್ಕೆ ಬಂದ ಈ ಆಫ್ರಿಕಾದ ಮೀನು ಈಗ ಯಾವ ಕೆರೆಯಲ್ಲಿ ಇಲ್ಲ ಹೇಳಿ. ಜಿಲೇಬಿ ಜೊತೆಗೆ ಅದೃಷ್ಟವಿದ್ದರೆ, ಅಥವಾ ದುರದೃಷ್ಟವಿದ್ದರೆ, ಕೊರವ ಮೀನು. ಅದು ಬಂದರೆ ಏನಾಗುತ್ತದೆ ಅಂತ ಆಮೇಲೆ ಹೇಳುತ್ತೇನೆ.

ಜಾಲಿ ಡಾಕಿಗಿಂತ ಕಷ್ಟ. ಹಲಗೆಗೆ ಜಿಗ್ ಬಡಿದರೆ ಟಕ್ ಅಂತ ವಾಪಸ್ ಬರುತ್ತದೆ. ಜಾಲಿ ಮುಳ್ಳಿಗೆ ಸಿಕ್ಕಿದರೆ ಆ ವರ್ಷ ಕೆರೆ ಒಣಗಿದ ಮೇಲೆ ಹೋಗಿ ಬಿಡಿಸಿಕೊಳ್ಳಬೇಕು. ಹಿಂದೆ ಮುಂದೆ ಎರಡೂ ಕಡೆ ಕೊಂಬೆ, ಬೀಸುವ ಮಾತೇ ಇಲ್ಲ. ಹಾಗಾಗಿ ಶೂಟ್ ಮಾಡೋಕೆ ಹೇಳಿ ಮಾಡಿಸಿದ ಜಾಗ. ರಾಡೊಂದು ಬೇಕು ಅಷ್ಟೆ ಅಂದುಕೊಂಡೆ.

ಮೊದಲ ರಾಡು ಆನ್‌ಲೈನ್‌ನಲ್ಲಿ ತರಿಸಿದ್ದು. ಏಳು ಅಡಿ, ಛತ್ರಿಯ ಕೋಲಿನ ಹಾಗೆ ಒಂದರೊಳಗೊಂದು ಸೇರಿಕೊಂಡು ಮೊಳದುದ್ದ ಆಗುವಂಥದ್ದು. ಬೈಕಿನ ಬ್ಯಾಗಿಗೆ ಹಿಡಿಯುತ್ತದೆ ಅನ್ನೋದೊಂದೇ ನಾನು ನೋಡಿದ ಗುಣ. ಉದ್ದ ಜಾಸ್ತಿ ಇದ್ದರೆ ಜಾಸ್ತಿ ದೂರ ಹೋಗುತ್ತದೆ ಎಂಬ ಲೆಕ್ಕ ಬೇರೆ. ಮಡಚುವ ರಾಡಿನಲ್ಲಿ ಪ್ರತಿ ಕೀಲಿಗೂ ಒಂದು ಗಟ್ಟಿ ಗಂಟು ಇದ್ದ ಹಾಗೆ. ಎಳೆದರೆ ಒಂದೇ ಬಾಗಾಗಿ ಬಗ್ಗುವುದಿಲ್ಲ, ಮೊಣಕೈ ಮೊಣಕೈಯಾಗಿ ಬಗ್ಗುತ್ತದೆ. ಏಳು ಅಡಿ ಉದ್ದಕ್ಕೆ ಆರಡಿ ದಾರ ಇಳಿಬಿಟ್ಟು ಎಳೆಯಬೇಕು, ತುದಿ ಆಗಲೇ ಎದುರಿನ ಕೊಂಬೆಯೊಳಗೆ ಹೋಗಿ ಕೂತಿರುತ್ತದೆ. ಬಿಟ್ಟ ಜಿಗ್ ಮೇಲಕ್ಕೆ ಹಾರಿ ಬೆಳ್ಳಕ್ಕಿಗಳನ್ನು ಎಬ್ಬಿಸಿತು. ನಾಲ್ಕನೇ ಭಾನುವಾರ ಮೂರನೇ ಕೀಲು ಲಟಕ್ ಅಂದಿತು. ಮುಗೀತು.

ಎರಡನೇ ಸಲ ಸ್ವಲ್ಪ ಓದಿಕೊಂಡು ಹೋದೆ. ಅರ್ಧ ಓದು ಯಾವಾಗಲೂ ಅಪಾಯ. ಸಣ್ಣ ಜಿಗ್ಗಿಗೆ ಅಲ್ಟ್ರಾಲೈಟ್ ರಾಡು ಎಂದು ಎಲ್ಲ ಕಡೆ ಬರೆದಿರುತ್ತಾರೆ, ಸರಿ, ಬೆಂಗಳೂರಿನ ಅಂಗಡಿಯೊಂದರಲ್ಲಿ ಎಲ್ಲಕ್ಕಿಂತ ಮೆತ್ತಗಿನ ರಾಡು ಕೊಡಿ ಅಂದೆ. ಐದೂವರೆ ಅಡಿಯ ಫೈಬರ್‌ಗ್ಲಾಸ್ ರಾಡು. ಅಂಗಡಿಯಲ್ಲಿ ಅಲ್ಲಾಡಿಸಿದರೆ ತುದಿ ಹಾವಿನ ಹಾಗೆ ಕುಣಿಯುತ್ತಿತ್ತು, ನನಗೋ ಆ ಕುಣಿತವೇ ಇಷ್ಟವಾಯಿತು. ಉದ್ದ ಸರಿಯಾಗಿತ್ತು. ಬಾಗುತ್ತಿತ್ತು, ಅಯ್ಯೋ, ಹಿಡಿಯವರೆಗೂ ಬಾಗುತ್ತಿತ್ತು. ಆದರೆ ಬಿಟ್ಟಾಗ ವಾಪಸ್ ಬರೋಕೆ ಅದಕ್ಕೆ ಯಾವ ಅವಸರವೂ ಇರಲಿಲ್ಲ. ಜಿಗ್ ಎಂಟು ಹತ್ತು ಅಡಿ ಹೋಗಿ ಸುಸ್ತಾಗಿ ಬೀಳುತ್ತಿತ್ತು. ನೇರವಾದ ಮೇಲೂ ತುದಿ ನಾಲ್ಕೈದು ಸಲ ಮೇಲೆ ಕೆಳಗೆ ತೂಗಾಡಿ ದಾರವನ್ನು ರಿಂಗಿಗೆ ಬಡಿಯುತ್ತಿತ್ತು, ಆ ತೂಗಾಟಕ್ಕೆ ಜಿಗ್ಗಿನ ದಿಕ್ಕೇ ತಪ್ಪುತ್ತಿತ್ತು.

ಆಗ ತಲೆಗೆ ಹೋಯಿತು. ನಾನು ರಾಡು ಹೇಗೆ ಬಾಗುತ್ತದೆ ಅಂತ ನೋಡುತ್ತಿದ್ದೆ. ನೋಡಬೇಕಾದ್ದು ಅದು ಹೇಗೆ ವಾಪಸ್ ಬರುತ್ತದೆ ಅಂತ.

ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದೊಂದು ಅರ್ಥವಾದರೆ ಮಿಕ್ಕಿದ್ದೆಲ್ಲ ಸುಲಭ. ಸಾಮಾನ್ಯವಾಗಿ ಬೀಸಿ ಎಸೆಯುವಾಗ ರಾಡನ್ನು ಬಗ್ಗಿಸುವುದು ಜಿಗ್ಗಿನ ತೂಕ. ಒಂದು ಔನ್ಸಿನ ಮೂವತ್ತೆರಡನೇ ಒಂದು ಭಾಗದ ಜಿಗ್ ಅಂದರೆ 0.9 ಗ್ರಾಂ, ಅಕ್ಷಯ ತೃತೀಯಕ್ಕೆ ಕೊಳ್ಳೋ ಒಂದು ಗ್ರಾಂ ಬಂಗಾರದ ಬಿಲ್ಲೆಗಿಂತ ಹಗುರ. ಅದು ಬಗ್ಗಿಸಬೇಕಾದರೆ ರಾಡು ತುಂಬಾ ಮೆತ್ತಗಿರಲೇಬೇಕು. ಅಲ್ಟ್ರಾಲೈಟ್ ಅನ್ನೋ ಸಲಹೆ ಬಂದಿದ್ದು ಅಲ್ಲಿಂದ. ಆದರೆ ಶೂಟ್ ಮಾಡುವಾಗ ರಾಡು ಬಗ್ಗಿಸೋದು ಜಿಗ್ಗಲ್ಲ, ನಮ್ಮ ಕೈ. ಕೈಯಲ್ಲಿ ಬೇಕಾದಷ್ಟು ಬಲ ಇದೆ. ಹಾಗಾಗಿ ರಾಡಿಗೆ ಸ್ವಲ್ಪ ಗಟ್ಟಿತನ ಇರಬಹುದು, ಇರಬೇಕು ಕೂಡ.

ಇನ್ನೊಂದು. ಬಗ್ಗಿದ ರಾಡು ನೇರವಾಗುವಾಗ ಅದರಲ್ಲಿರೋ ಬಲ ಪೂರ್ತಿ ಜಿಗ್ಗಿಗೆ ಹೋಗುವುದಿಲ್ಲ. ರಾಡು ತನ್ನ ತುದಿಯನ್ನೂ ಜೊತೆಗೆ ಎಳೆದುಕೊಂಡು ಹೋಗಬೇಕಲ್ಲ. ಜಿಗ್ಗೇ ಒಂದು ಗ್ರಾಂ ಇಲ್ಲ, ತುದಿ ಭಾರವಾಗಿದ್ದರೆ ಹೆಚ್ಚಿನ ಪಾಲು ಅದೇ ತಿಂದುಬಿಡುತ್ತದೆ. ಫೈಬರ್‌ಗ್ಲಾಸ್ ಗಟ್ಟಿಮುಟ್ಟು, ಆದರೆ ಭಾರ. ಗ್ರಾಫೈಟ್, ಅಂದರೆ ಕಾರ್ಬನ್, ಅಷ್ಟೇ ಬಲಕ್ಕೆ ಹಗುರ, ಬೇಗ ನೇರವಾಗುತ್ತದೆ. ತುದಿಯ ಕಡೆ ದೊಡ್ಡ ದೊಡ್ಡ ಲೋಹದ ರಿಂಗು ಇದ್ದರೂ ಅದೇ ಕಥೆ. ಕ್ಯಾಟರ್‌ಬಿಲ್ಲಿಗೆ ಲಾರಿ ಟ್ಯೂಬು ಕಟ್ಟಿದ್ದಕ್ಕೂ ಸೈಕಲ್ ಟ್ಯೂಬು ಕಟ್ಟಿದ್ದಕ್ಕೂ ಇರುವ ವ್ಯತ್ಯಾಸ ನೆನಪಿದ್ದವರಿಗೆ ಇದು ಹೊಸದಾಗಿ ಹೇಳಬೇಕಾಗಿಲ್ಲ. ದಪ್ಪ ರಬ್ಬರಿಗೆ ಸಣ್ಣ ಕಲ್ಲು ಇಟ್ಟರೆ ಕಲ್ಲು ಹೋಗುವುದಕ್ಕಿಂತ ರಬ್ಬರ್ ನಮ್ಮ ಹೆಬ್ಬೆರಳಿಗೆ ಬಡಿಯೋದೇ ಜಾಸ್ತಿ.

ಹಾಗಂತ ಗಟ್ಟಿ ರಾಡು ತೆಗೆದುಕೊಂಡರೂ ಕೆಟ್ಟಿರಿ. ಒಬ್ಬ ಗೆಳೆಯನ ಹತ್ತಿರ ಕೊರವ ಹಿಡಿಯೋ ರಾಡು ಇತ್ತು, ಅದರಲ್ಲೂ ಪ್ರಯತ್ನಿಸಿದೆ. ಅದು ಬಗ್ಗಬೇಕಾದರೆ ಎಳೆದೂ ಎಳೆದೂ ಬೆರಳು ನೋವು ಬಂತು, ಸಣ್ಣ ದಾರ ಅಷ್ಟು ಎಳೆತ ತಡೆಯುವುದಿಲ್ಲ, ಬಿಟ್ಟರೆ ತುದಿ ಮಾತ್ರ ಪಟ್ ಅಂತ ಮೇಲೆ ಹಾರಿ ಜಿಗ್ಗನ್ನೂ ಮೇಲಕ್ಕೇ ಕಳಿಸಿತು. ತುದಿಯ ಮೂರನೇ ಒಂದು ಭಾಗ ಮೆತ್ತಗೆ, ನಡುವಿನಿಂದ ಕೆಳಗೆ ಬೆನ್ನುಮೂಳೆ ಇರಬೇಕು. ರಾಡಿನ ಮೇಲೆ ಹಿಡಿಯ ಹತ್ತಿರ ಬರೆದಿರುತ್ತದೆ, ಅದನ್ನು ಓದೋಕೆ ಕಲಿಯಿರಿ. ಪವರ್ ಅಂದರೆ ಬಗ್ಗಿಸೋಕೆ ಎಷ್ಟು ಬಲ ಬೇಕು ಅನ್ನೋದು. ಆಕ್ಷನ್ ಅಂದರೆ ಎಲ್ಲಿಂದ ಬಗ್ಗುತ್ತದೆ ಅನ್ನೋದು. ಇವೆರಡನ್ನೂ ಒಂದೇ ಅಂದುಕೊಂಡವರು ಬಹಳ ಜನ, ನಾನೂ ಅದರಲ್ಲೊಬ್ಬ. ಶೂಟ್ ಮಾಡೋಕೆ ಪವರ್ ಲೈಟ್ ಇರಲಿ, ಆಕ್ಷನ್ ಫಾಸ್ಟ್, ಅಂದರೆ ತುದಿಯ ಕಡೆ ಬಗ್ಗುವಂಥದ್ದು, ಇರಲಿ. ಅಲ್ಟ್ರಾಲೈಟೇ ಬೇಕು ಅಂದರೆ ಒಳ್ಳೆಯ ಕಾರ್ಬನ್ ರಾಡಿನಲ್ಲಿ ನಡೆಯುತ್ತದೆ, ಅಗ್ಗದ್ದರಲ್ಲಿ ನಡೆಯುವುದಿಲ್ಲ. ಲೈನ್ ಎರಡರಿಂದ ಆರು ಪೌಂಡ್, ಜಿಗ್ ಎಂಟನೇ ಒಂದು ಔನ್ಸಿನವರೆಗೆ ಅಂತ ಬರೆದಿದ್ದರೆ ಸರಿಸುಮಾರು ದಾರಿಯಲ್ಲಿದ್ದೀರಿ ಅಂತ ಲೆಕ್ಕ.

ಆದರೆ ಬರೆದಿದ್ದನ್ನು ಪೂರ್ತಿ ನಂಬಬೇಡಿ. ಒಂದು ಕಂಪನಿಯ ಲೈಟ್ ಇನ್ನೊಂದು ಕಂಪನಿಯ ಮೀಡಿಯಂ ಇದ್ದ ಹಾಗಿರುತ್ತದೆ, ಇದಕ್ಕೆ ಐಎಸ್‌ಐ ಗುರುತಿನ ಹಾಗೆ ಒಂದು ಅಳತೆ ಅಂತ ಇಲ್ಲ. ಅದಕ್ಕೇ ನಾನು ಮೂರನೇ ಸಲ ಅಂಗಡಿಗೆ ಹೋದಾಗ ನನ್ನದೇ ರೀಲು, ದಾರ, ಗಾಳ ಮುರಿದು ತೆಗೆದ ಒಂದು ಜಿಗ್ ಜೇಬಲ್ಲಿಟ್ಟುಕೊಂಡು ಹೋದೆ. ಗಾಳ ಇಲ್ಲದಿದ್ದರೆ ಯಾರಿಗೂ ಚುಚ್ಚುವುದಿಲ್ಲ. ಅಂಗಡಿಯ ಹುಡುಗ ಮೊದಲು ಇವನೇನೋ ಬೇರೆ ಥರ ಗಿರಾಕಿ ಅಂತ ನೋಡಿದ. ನಾನು ಮಾಡಿದ್ದಿಷ್ಟೇ. ಒಂದೊಂದೇ ರಾಡಿಗೆ ರೀಲು ಹಾಕಿ, ದಾರ ಪೋಣಿಸಿ, ಎಳೆದು ಹಿಡಿದೆ. ಬಾಗು ತುದಿಯಿಂದ ಶುರುವಾಗಿ ನಡುವಿಗೆ ಬಂದು ನಿಲ್ಲುತ್ತದಾ, ಹಿಡಿಯವರೆಗೆ ಇಳಿಯುತ್ತದಾ ಎಂದು ಪಕ್ಕದಿಂದ ನೋಡೋಕೆ ಹುಡುಗನಿಗೇ ಹೇಳಿದೆ. ಆಮೇಲೆ ತುದಿಯನ್ನು ಕೈಯಲ್ಲಿ ಒಂದು ಗೇಣು ಬಗ್ಗಿಸಿ ಬಿಟ್ಟು ಎಷ್ಟು ಸಲ ತೂಗಾಡುತ್ತದೆ ಎಂದು ಎಣಿಸಿದೆ. ಎರಡು ಸಲಕ್ಕೆ ನಿಂತದ್ದನ್ನು ಒಂದು ಕಡೆ ಇಟ್ಟೆ, ಐದಾರು ಸಲ ಕುಣಿದದ್ದನ್ನು ವಾಪಸ್ ಕೊಟ್ಟೆ. ಕೊನೆಗೆ ಅಂಗಡಿ ಹಿಂದಿನ ಗಲ್ಲಿಯಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲ್ ಇಟ್ಟು ಅದರ ಕಾಲುಗಳ ಸಂದಿಗೆ ಹೊಡೆದೆ. ಹುಡುಗ, ‘ಸಾರ್, ನಾನೂ ಒಂದ್ಸಲ?’ ಅಂದ. ಇಬ್ಬರೂ ಸೇರಿ ಒಂದು ಗಂಟೆ ಅದೇ ಆಡಿದೆವು, ಅವರ ಮಾಲೀಕರು ಒಳಗಿಂದ ಕರೆಯೋವರೆಗೂ.

ಉದ್ದದ ವಿಷಯಕ್ಕೆ ಬರೋಣ. ದೋಣಿಯಲ್ಲಿ ಕೂತು ಹೊಡೆಯುವವರಿಗೆ ಐದರಿಂದ ಐದೂವರೆ ಅಡಿ ಸಾಕು. ಎತ್ತರದ ದೋಣಿಯಲ್ಲಿ ನಿಂತು, ತೆರೆದ ಜಾಗದಲ್ಲಿ, ಜಾಸ್ತಿ ದೂರ ಕಳಿಸುವವರು ಆರು, ಆರೂವರೆ ಅಡಿಯದ್ದನ್ನೂ ಬಳಸುತ್ತಾರೆ. ನಾವು ಹೊಡೆಯೋದು ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು ಅಥವಾ ಮೊಣಕಾಲುದ್ದ ನೀರಲ್ಲಿ ನಿಂತು, ಸುತ್ತ ಮುಳ್ಳು. ನನ್ನದು ಐದೂವರೆ ಅಡಿ, ಅಂದರೆ 168 ಸೆಂಟಿಮೀಟರ್. ಐದಡಿ ನಾಲ್ಕಂಗುಲದ ನನ್ನ ಕೈಯಳತೆಗೆ ಅದು ಸರಿ. ಕೈ ಉದ್ದ ಇರುವವರು ಜಾಸ್ತಿ ಹಿಂದಕ್ಕೆ ಎಳೆಯಬಹುದು, ಹಾಗಾಗಿ ಇನ್ನರ್ಧ ಅಡಿ ತಡೆದೀತು. ಉದ್ದದ ಇನ್ನೊಂದು ತೊಂದರೆ ಮೀನು ಸಿಕ್ಕಾಗ ಗೊತ್ತಾಗುತ್ತದೆ. ಮೀನು ಮರದ ಕೆಳಗಿದೆ, ರಾಡು ಎತ್ತುವಂತಿಲ್ಲ, ಪಕ್ಕಕ್ಕೆ ಅಡ್ಡಡ್ಡ ಎಳೆದು ಹೊರಗೆ ತರಬೇಕು. ಏಳಡಿ ರಾಡನ್ನು ಅಡ್ಡಡ್ಡ ಎಳೆಯೋಕೆ ಅಲ್ಲಿ ಜಾಗ ಎಲ್ಲಿದೆ?

ಹಿಡಿ ಗಿಡ್ಡ ಇರಲಿ. ರೀಲಿನ ಹಿಂದೆ ಒಂದು ಗೇಣಿಗಿಂತ ಜಾಸ್ತಿ ಇದ್ದರೆ ಮೊಣಕೈಗೆ, ಅಂಗಿ ಮಡಿಕೆಗೆ ಸಿಕ್ಕುತ್ತದೆ. ಬೂಚಿನ ಹಿಡಿಯೋ ಸ್ಪಂಜಿನದೋ ನಿಮ್ಮಿಷ್ಟ, ನನಗೇನೂ ವ್ಯತ್ಯಾಸ ಕಾಣಲಿಲ್ಲ.

ಒಂದೇ ತುಂಡಿನ ರಾಡೇ ಎಲ್ಲಕ್ಕಿಂತ ಒಳ್ಳೆಯದು, ಅದರಲ್ಲಿ ಅನುಮಾನ ಇಲ್ಲ. ಆದರೆ ನಾನು ತುಮಕೂರಿಂದ ಊರಿಗೆ ಹೋಗೋದು ಬೈಕಲ್ಲಿ, ಒಮ್ಮೊಮ್ಮೆ ಬಸ್ಸಲ್ಲಿ. ಗುಬ್ಬಿ ಬಸ್ಸಲ್ಲಿ ಸೋಮವಾರ ಬೆಳಿಗ್ಗೆ ಐದೂವರೆ ಅಡಿ ಕಡ್ಡಿ ಹಿಡಿದು ನಿಂತು ನೋಡಿ, ಕಂಡಕ್ಟರ್ ಅದಕ್ಕೂ ಅರ್ಧ ಟಿಕೆಟ್ ಕೇಳಿದ. ತಮಾಷೆಗೇ ಕೇಳಿದ್ದು, ಆದರೂ. ಹಾಗಾಗಿ ಎರಡು ತುಂಡಿನದು ತೆಗೆದುಕೊಂಡೆ. ಎರಡು ತುಂಡಿನದಾದರೆ ಜೋಡಣೆ ನೋಡಿ ತೆಗೆದುಕೊಳ್ಳಿ. ಸೇರಿಸಿ ತಿರುವಿದಾಗ ಟಿಕ್ ಟಿಕ್ ಸದ್ದು ಬರಬಾರದು. ಶೂಟ್ ಮಾಡ್ತಾ ಮಾಡ್ತಾ ಪ್ರತಿ ಹೊಡೆತಕ್ಕೂ ಜೋಡಣೆ ಸ್ವಲ್ಪ ಸ್ವಲ್ಪ ಸಡಿಲವಾಗುತ್ತದೆ, ನಾನೊಂದು ಸಲ ಗಮನಿಸದೆ ಮೇಲಿನ ತುಂಡನ್ನೇ ಜಿಗ್ಗಿನ ಜೊತೆ ಕೆರೆಗೆ ಕಳಿಸಿದ್ದೆ. ದಾರ ಇತ್ತು, ವಾಪಸ್ ಬಂತು. ಈಗ ಜೋಡಣೆಗೆ ಮೇಣದಬತ್ತಿ ಉಜ್ಜುತ್ತೇನೆ, ಹತ್ತು ಹದಿನೈದು ಹೊಡೆತಕ್ಕೊಮ್ಮೆ ಒತ್ತಿ ನೋಡುತ್ತೇನೆ.

ರೀಲು 500 ಅಥವಾ 1000 ಸೈಜಿನ ಸ್ಪಿನ್ನಿಂಗ್ ರೀಲು, ದೊಡ್ಡದು ಬೇಡ. ಇದರ ಬಗ್ಗೆ ಬರೆಯೋಕೆ ಜಾಸ್ತಿ ಏನಿಲ್ಲ, ದಾರ ಸುತ್ತಿರೋ ಸ್ಪೂಲಿನ ಅಂಚು ನುಣುಪಾಗಿರಬೇಕು, ದಾರ ಅಂಚಿನ ಹತ್ತಿರದವರೆಗೂ ತುಂಬಿರಬೇಕು. ಕಡಿಮೆ ತುಂಬಿದರೆ ದಾರ ಹೊರಗೆ ಬರುವಾಗ ಅಂಚಿಗೆ ಉಜ್ಜುತ್ತದೆ, ಒಂದು ಗ್ರಾಂ ಜಿಗ್ಗಿಗೆ ಅಷ್ಟು ಉಜ್ಜಾಟವೇ ಬ್ರೇಕು.

ದಾರ ನಾಲ್ಕು ಪೌಂಡಿನ ನೈಲಾನ್, ಅಂದರೆ ಎರಡು ಕೆಜಿಗೂ ಕಡಿಮೆ ತಡೆಯುವಂಥದ್ದು. ಕಣ್ಣಿಗೆ ಹೊಡೆಯೋ ಹಳದಿ ಬಣ್ಣ ಇರಲಿ. ಮೀನಿಗೆ ಕಾಣಲ್ವಾ ಅಂತ ಕೇಳುತ್ತೀರಿ, ನಾನೂ ಕೇಳಿದ್ದೆ. ಕಂಡರೂ ಪರವಾಗಿಲ್ಲ, ನಮಗೆ ಕಾಣೋದು ಮುಖ್ಯ. ಯಾಕೆಂದರೆ ಇಲ್ಲಿ ಬೆಂಡು ಇಲ್ಲ. ಜಿಗ್ ನಿಧಾನವಾಗಿ ಇಳಿಯುತ್ತಿರುವಾಗಲೇ ಮೀನು ಕಚ್ಚೋದು, ಕೈಗೆ ಏನೂ ತಿಳಿಯುವುದಿಲ್ಲ. ನೀರಿನ ಮೇಲೆ ಮಲಗಿದ ಹಳದಿ ಗೆರೆ ಪುಟ್ಟದಾಗಿ ಒಂದು ಸಲ ಹಾರುತ್ತದೆ, ಇಲ್ಲವೇ ಇಳಿಯೋದು ಥಟ್ಟನೆ ನಿಲ್ಲುತ್ತದೆ. ಅಷ್ಟೇ ಸುಳಿವು. ಕ್ರಾಪಿಗೂ ಹೀಗೆ, ಜಿಲೇಬಿಗೂ ಹೀಗೆ. ಹೆಣೆದ ದಾರ ನನಗೆ ಸರಿಬರಲಿಲ್ಲ, ಇಷ್ಟು ಹಗುರ ಜಿಗ್ಗಿಗೆ ರೀಲಲ್ಲಿ ಸಡಿಲ ಸುತ್ತು ಬಿದ್ದು ಮೂರನೇ ಹೊಡೆತಕ್ಕೆ ಗುಬ್ಬಿ ಗೂಡು.

ಇನ್ನು ಜಿಲೇಬಿ ನಿಜವಾಗಿ ಜಿಗ್ ಕಚ್ಚುತ್ತದಾ? ನಿಜ ಹೇಳಬೇಕೆಂದರೆ ಮೈದಾ ಹಿಟ್ಟಿನ ಉಂಡೆಗೆ ಕಚ್ಚುವಷ್ಟು ಕಚ್ಚುವುದಿಲ್ಲ. ಪಕ್ಕದಲ್ಲಿ ಹಿಟ್ಟು ಹಾಕಿಕೊಂಡು ಕೂತವರು ನನಗಿಂತ ಮೂರು ಪಟ್ಟು ಹಿಡಿಯುತ್ತಾರೆ, ಅದನ್ನೇನೂ ಮುಚ್ಚಿಡೋಲ್ಲ. ಆದರೆ ಗಂಡು ಜಿಲೇಬಿ ಮೊಟ್ಟೆ ಕಾಲದಲ್ಲಿ ತಳದ ಕೆಸರಲ್ಲಿ ತಟ್ಟೆಯಂಥ ಗುಂಡಿ ತೋಡಿ ಕಾಯುತ್ತಿರುತ್ತದೆ, ಆಗ ಹತ್ತಿರ ಬಂದ ಏನನ್ನೂ ಬಿಡುವುದಿಲ್ಲ, ಸಿಟ್ಟಿಗೇ ಕಚ್ಚುತ್ತದೆ. ಮೊಟ್ಟೆಗಳನ್ನು ಹೆಣ್ಣು ಬಾಯಲ್ಲಿಟ್ಟುಕೊಂಡು ಮರಿ ಮಾಡುತ್ತದೆ, ಆಗ ಅದು ತಿನ್ನುವುದೇ ಇಲ್ಲ ಅನ್ನಬಹುದು. ಅಂಥ ಹೆಣ್ಣು ಬಲೆಗೋ ಗಾಳಕ್ಕೋ ಸಿಕ್ಕರೆ ಬಿಟ್ಟುಬಿಡಿ.

ಕೊರವ ಹೇಳುತ್ತೇನೆ ಅಂದಿದ್ದೆನಲ್ಲ. ಕೊರವ ಜಿಗ್ ಕಂಡರೆ ಯೋಚಿಸುವುದೇ ಇಲ್ಲ. ಮರದ ಬುಡದಿಂದ ಬಂದು ಧಡ್ ಅಂತ ಹೊಡೆಯುತ್ತದೆ, ಒಂದು ಸುತ್ತು ಬೇರಿಗೆ ಹಾಕುತ್ತದೆ, ನಾಲ್ಕು ಪೌಂಡ್ ದಾರ ಪಟ್. ಇಲ್ಲಿಯವರೆಗೆ ಹತ್ತೋ ಹನ್ನೊಂದೋ ಜಿಗ್ ಕೊರವಗಳ ಪಾಲಾಗಿವೆ. ಒಂದನ್ನೂ ಮೇಲೆ ತಂದಿಲ್ಲ. ಅದಕ್ಕೆ ದಪ್ಪ ದಾರ ಹಾಕಬಹುದಲ್ಲ ಎನ್ನಬಹುದು, ಹಾಕಿದರೆ ಜಿಗ್ ಹಾರುವುದಿಲ್ಲ. ಎರಡೂ ಆಗಲ್ಲ.

ಬೆರಳಿನ ವಿಷಯ ಬಿಡುವಂತಿಲ್ಲ. ಜಿಗ್ಗನ್ನು ಸೀಸದ ತಲೆಯಲ್ಲೇ ಹಿಡಿಯಿರಿ, ಗಾಳದ ಮೊನೆ ಬೆರಳಿಂದ ಆಚೆಗೆ, ಕೆಳಮುಖವಾಗಿ ಇರಲಿ. ಮೊದಲು ಜಿಗ್ ಬಿಡಬೇಕು, ಆಮೇಲೆ ದಾರ. ದಾರ ಬಿಡೋದು ತಡವಾದರೆ ಜಿಗ್ ಹೋದ ಹಾಗೆ ಹೋಗಿ ನಿಮ್ಮ ಮುಖದ ಕಡೆಗೇ ವಾಪಸ್ ಬರುತ್ತದೆ, ಅದಕ್ಕೇ ಕನ್ನಡಕ ಹಾಕಿಕೊಳ್ಳಿ, ಬಿಸಿಲಿನದಾದರೂ ಸರಿ. ದಾರ ಮೊದಲು ಜಾರಿದರೆ ರಾಡಿನ ಬಲ ಎಲ್ಲಾ ಸುಮ್ನೆ ಹೋಗುತ್ತದೆ. ನಾನು ಕಳೆದ ಯುಗಾದಿ ಮಾರನೇ ದಿನ ಗಾಳದ ಬಾಗಿನಲ್ಲಿ ಹಿಡಿದು ಎಳೆದೆ, ಬೆವರಿಗೆ ಬೆರಳು ಜಾರಿತು, ಮೊನೆ ಹೆಬ್ಬೆರಳಿನ ಈ ಕಡೆಯಿಂದ ಆ ಕಡೆಗೆ ಬಂತು. ಹೊಸತೊಡಕಿನ ದಿನ ಮನೆಯಲ್ಲಿ ಬಾಡೂಟ, ನಾನು ಕ್ಲಿನಿಕ್ಕಿನ ಬೆಂಚಿನ ಮೇಲೆ, ಹಳದಿ ದಾರ ಇನ್ನೂ ಕೈಯಿಂದ ನೇತಾಡ್ತಾ. ಡಾಕ್ಟರು ಗಾಳ ಕತ್ತರಿಸಿ ತೆಗೆದು, ಟಿಟಿ ಇಂಜೆಕ್ಷನ್ ಕೊಟ್ಟು, ‘ಮೀನು ಎಲ್ರೀ?’ ಅಂದರು. ಅವತ್ತಿಂದ ಗಾಳದ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಯೇ ಬಳಸುತ್ತೇನೆ. ಒಂದೆರಡು ಮೀನು ಬಿಡಿಸಿಕೊಂಡು ಹೋಗುತ್ತವೆ, ಹೋಗಲಿ.

ಕೆರೆಗೆ ಹೋಗುವ ಮುಂಚೆ ಕೇಳಿ ಹೋಗಿ. ನಮ್ಮ ಬಹುತೇಕ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಸಹಕಾರ ಸಂಘಕ್ಕೋ ಹರಾಜು ಹಿಡಿದವರಿಗೋ ಇರುತ್ತದೆ, ಅವರು ಮರಿ ಬಿಟ್ಟು ವರ್ಷವಿಡೀ ಕಾದಿರುತ್ತಾರೆ. ಜಿಲೇಬಿ ಅಂದರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ, ಕಾಟ್ಲಾ, ರೋಹು ಸಿಕ್ಕರೆ ವಾಪಸ್ ಬಿಡಬೇಕು ಅಷ್ಟೆ. ನಮ್ಮೂರಲ್ಲಿ ನನ್ನ ಒಪ್ಪಂದ ಅದು. ಕುಡಿಯುವ ನೀರಿನ ಕೆರೆಗಳ ಕಡೆ ಹೋಗಲೇಬೇಡಿ. ಕುಣಿಗಲ್ ಕಡೆಯವರು ಮಾರ್ಕೋನಹಳ್ಳಿ ಜಲಾಶಯಕ್ಕೆ ಹೋದರೆ ಹೆಚ್ಚಾದ ನೀರು ಹೊರಹಾಕುವ ಸೈಫನ್‌ಗಳ ಕೆಳಗೆ ನಿಲ್ಲಬೇಡಿ, ನೀರು ಮಟ್ಟಕ್ಕೆ ಬಂದರೆ ಅವು ಯಾರೂ ಮುಟ್ಟದೆ ತಾವಾಗೇ ಶುರುವಾಗುತ್ತವೆ, ಓಡೋಕೆ ಸಮಯ ಸಿಗಲ್ಲ.

ಹೋದ ವಾರ ಅಕ್ಕನ ಮಗ ಫೋನ್ ಮಾಡಿದ್ದ. ದೀಪಾವಳಿಗೆ ಬರ್ತೀನಿ, ಏನು ತರಲಿ ಅಂದ. ಆ ಪಕ್ಕದ ಮನೆಯ ಹಿರಿಯರ ರಾಡನ್ನು ಹೋಗಿ ಒಂದು ಸಲ ನೋಡು, ಎಷ್ಟುದ್ದ ಅಂತ ಹೇಳು ಅಂದೆ. ಎರಡು ದಿನ ಬಿಟ್ಟು ಮೆಸೇಜ್ ಬಂತು. ಐದೂವರೆ ಅಡಿ, ಕಾರ್ಬನ್, ಲೈಟ್, ಫಾಸ್ಟ್. ಮಿಕ್ಸಿಯ ದುಡ್ಡಿನ ಮಾತು ಅವನಿಗೆ ಹೇಳಲಿಲ್ಲ. ರಾಡು ಬೇಡ ಕಣೋ, ಆ ಹಸಿರು ಹಳದಿ ಬಣ್ಣದ ಸಣ್ಣ ಜಿಗ್ ಇದ್ದಾವಲ್ಲ, ಮೂವತ್ತೆರಡನೇ ಒಂದರದ್ದು, ಅದೊಂದು ನೂರು ತಗೊಂಡು ಬಾ ಎಂದು ಬರೆದೆ.

‘ನೂರಾ? ಅಲ್ಲಿ ಅಷ್ಟು ಮೀನು ಸಿಗುತ್ತಾ ಮಾವ?’

ಇಲ್ಲಪ್ಪ, ಜಾಲಿ ಅಷ್ಟಿವೆ.